ಯೂನಿಯನ್‌ಗೆ ಒಂದು ರಸೀದಿ, ಪಾರ್ಟಿಗೆ ಇನ್ನೊಂದು

ಪ್ರಶ್ನೆ: ನನ್ನ ಮನೆ ಬದಿಯಡ್ಕದ ಸಮೀಪ. ಕಾಸರಗೋಡಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ನಾಲ್ಕು ವರ್ಷಗಳಿಂದ ಕಂಡಕ್ಟರ್ ಆಗಿದ್ದೇನೆ. ತಾಯಿ ಮೂವತ್ತು ವರ್ಷ ಬೀಡಿ ಕಟ್ಟಿದವರು. ಅವರ ಮಟ್ಟಿಗೆ ಯೂನಿಯನ್ ಬೇರೆ ಅಲ್ಲ, ಪಾರ್ಟಿ ಬೇರೆ ಅಲ್ಲ. ನಾನು ಯೂನಿಯನ್ ಸೇರಬೇಕೆಂದಿದ್ದೇನೆ, ಆದರೆ ಅದರ ಪಾರ್ಟಿಗೆ ಮತ ಹಾಕುವವನಲ್ಲ. ಸದಸ್ಯತ್ವದ ಹಣದ ಜೊತೆಗೆ ಪಾರ್ಟಿ ಸಮ್ಮೇಳನದ ಫಂಡನ್ನೂ ಕೇಳಿದರು. ಕೊಡಲೇಬೇಕೇ? ತಮ್ಮ ಪಾರ್ಟಿಯದೇ ಸರ್ಕಾರ ಇರುವಾಗ ಯೂನಿಯನ್‌ಗಳು ಏಕೆ ತಣ್ಣಗಾಗುತ್ತವೆ? ಹಿಂದೆಯೂ ಹೀಗೆಯೇ ಇತ್ತೇ?

ಉತ್ತರ: ಕೊಡಬೇಕಾಗಿಲ್ಲ. ಈ ಒಂದು ಮಾತನ್ನು ಮೊದಲು ಗಟ್ಟಿಯಾಗಿ ಹೇಳಿಬಿಡುತ್ತೇನೆ. ಕಾಸರಗೋಡಿನಲ್ಲಿ ಕಾರ್ಮಿಕರ ಮೊಕದ್ದಮೆಗಳನ್ನು ನಡೆಸಿಕೊಂಡು ಬಂದ ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದವರು ಕಡಿಮೆ, ಮನಸ್ಸಿನಲ್ಲಿಟ್ಟುಕೊಂಡು ಯೂನಿಯನ್ನಿನಿಂದಲೇ ದೂರ ಉಳಿದವರು ಬಹಳ ಮಂದಿ. ನೀವು ಕೇಳಿದ್ದು ಒಳ್ಳೆಯದಾಯಿತು.

ಕಾರ್ಮಿಕ ಸಂಘಗಳ 1926ರ ಕಾಯ್ದೆಯಲ್ಲಿ 16ನೇ ಕಲಂ ಎಂಬುದೊಂದಿತ್ತು. ಯೂನಿಯನ್ ತನ್ನ ಸಾಮಾನ್ಯ ನಿಧಿಯನ್ನು ರಾಜಕೀಯಕ್ಕೆ ಬಳಸುವಂತಿಲ್ಲ, ಬೇಕಿದ್ದರೆ ಅದಕ್ಕೆಂದೇ ಪ್ರತ್ಯೇಕ ನಿಧಿ ಮಾಡಿಕೊಳ್ಳಬಹುದು ಎಂದು ಅದು ಹೇಳುತ್ತಿತ್ತು. ಆ ನಿಧಿಗೆ ಹಣ ಕೊಡುವಂತೆ ಯಾವ ಸದಸ್ಯನನ್ನೂ ಬಲವಂತ ಮಾಡುವಂತಿರಲಿಲ್ಲ. ಕೊಡದವನಿಗೆ ಯೂನಿಯನ್ನಿನ ಯಾವ ಪ್ರಯೋಜನವೂ ತಪ್ಪುವಂತಿರಲಿಲ್ಲ. ಹಣ ಕೊಟ್ಟರೆ ಮಾತ್ರ ಸದಸ್ಯತ್ವ ಎಂಬ ಷರತ್ತನ್ನೂ ಹಾಕುವಂತಿರಲಿಲ್ಲ. ಆ ಹಳೆಯ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಆ ಸಂಹಿತೆಯ ಹಲವು ವಿಷಯಗಳ ಬಗ್ಗೆ ನನಗೆ ತಕರಾರಿದೆ, ಆದರೆ ಈ ಒಂದು ರಕ್ಷಣೆಯನ್ನು ಅದು ಹಾಗೆಯೇ ಉಳಿಸಿಕೊಂಡಿದೆ. ನಿಮ್ಮಲ್ಲಿ ಕೇಳಿದ ಸಮ್ಮೇಳನದ ಫಂಡು ಇನ್ನೂ ಒಂದು ಹೆಜ್ಜೆ ಆಚೆಗಿನದು. ಅದು ಯೂನಿಯನ್ನಿನ ನಿಧಿಯೇ ಅಲ್ಲ, ಪಾರ್ಟಿಗೆ ಕೊಡುವ ದೇಣಿಗೆ. ಇಷ್ಟವಿದ್ದರೆ ಕೊಡಿ, ಇಲ್ಲದಿದ್ದರೆ ಇಲ್ಲ ಎನ್ನಿ. ಹಾಗೆನ್ನುವುದು ಯೂನಿಯನ್ನಿಗೆ ಮಾಡುವ ದ್ರೋಹವಲ್ಲ.

ಕೆಲವು ವರ್ಷಗಳ ಹಿಂದೆ ಅರುವತ್ತು ದಾಟಿದ ಒಬ್ಬ ಅಕ್ಕ ನನ್ನ ಕಚೇರಿಗೆ ಬಂದಿದ್ದರು. ಬೀಡಿ ಕಟ್ಟುವವರು, ಭವಿಷ್ಯನಿಧಿಯ ಹಣ ಸಿಕ್ಕಿರಲಿಲ್ಲ. ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ಬೀಡಿ ಬ್ರಾಂಚಿನ (ಎಲೆ ಕೊಟ್ಟು, ಕಟ್ಟಿದ ಬೀಡಿ ತೆಗೆದುಕೊಳ್ಳುವ ಕೇಂದ್ರದ) ಪುಸ್ತಕ, ಪಡಿತರ ಚೀಟಿ, ನಡುವೆ ರಬ್ಬರ್ ಬ್ಯಾಂಡ್ ಹಾಕಿದ ರಸೀದಿಗಳ ಕಟ್ಟು. ಬಿಚ್ಚಿ ನೋಡಿದರೆ ಅರ್ಧ ಯೂನಿಯನ್ ವಂತಿಗೆಯ ರಸೀದಿ, ಉಳಿದರ್ಧ ಪಾರ್ಟಿಯ ಫಂಡಿನದು. ಒಂದೇ ದಿನ, ಒಂದೇ ಕೈಬರಹ, ಎರಡು ಪುಸ್ತಕ. ಎಲ್ಲವೂ ಮಲಯಾಳದಲ್ಲಿ. ಅಕ್ಕನಿಗೆ ಓದಲು ಬರುತ್ತಿದ್ದುದು ಕನ್ನಡ ಮಾತ್ರ, ಅದೂ ಅಕ್ಷರ ಕೂಡಿಸಿಕೊಂಡು. "ಇದೆಲ್ಲ ಯೂನಿಯನ್ನಿಗೆ ಕಟ್ಟಿದ್ದು, ಒಂದೂ ತಪ್ಪಿಸಿಲ್ಲ" ಎಂದರು. ಹೆಮ್ಮೆಯಿಂದಲೇ ಹೇಳಿದರು. ಅದರಲ್ಲಿ ಅರ್ಧ ಯೂನಿಯನ್ನಿನದಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹಣ ತೆಗೆದುಕೊಂಡ ಹುಡುಗನೂ ಮೋಸಗಾರನಲ್ಲ, ಎರಡೂ ಒಂದೇ ಎಂದು ನಂಬಿಕೊಂಡೇ ಬೆಳೆದವನು. ಆ ಕಟ್ಟು ನನ್ನ ಕಣ್ಣ ಮುಂದಿನಿಂದ ಇಂದಿಗೂ ಹೋಗಿಲ್ಲ.

ನಿಮ್ಮ ಪ್ರಶ್ನೆ ಬದಿಯಡ್ಕದಲ್ಲಿ ಹುಟ್ಟಿದ್ದೂ ಅಲ್ಲ. ಇಂಗ್ಲೆಂಡಿನಲ್ಲಿ ಓಸ್ಬೋರ್ನ್ ಎಂಬ ರೈಲ್ವೆ ನೌಕರನೊಬ್ಬ ಇದನ್ನೇ ಕೇಳಿದ. ಅವನು ತನ್ನ ಯೂನಿಯನ್ನಿನ ಶಾಖೆಯೊಂದರ ಕಾರ್ಯದರ್ಶಿ, ಮನಸ್ಸು ಮಾತ್ರ ಲಿಬರಲ್ ಪಕ್ಷದ ಕಡೆಗೆ. ನನ್ನ ವಂತಿಗೆಯಿಂದ ಲೇಬರ್ ಪಕ್ಷವನ್ನು ಏಕೆ ಸಾಕಬೇಕು ಎಂದು ನ್ಯಾಯಾಲಯಕ್ಕೆ ಹೋದ. 1909ರಲ್ಲಿ ತೀರ್ಪು ಅವನ ಕಡೆಗೆ ಬಂತು, ಯೂನಿಯನ್‌ಗಳು ರಾಜಕೀಯಕ್ಕೆ ಹಣ ಹಾಕುವುದೇ ನಿಂತಿತು. 1913ರಲ್ಲಿ ಸಂಸತ್ತು ನಡುದಾರಿ ಕಂಡುಕೊಂಡಿತು: ರಾಜಕೀಯಕ್ಕೆ ಬೇರೆ ನಿಧಿ ಇರಲಿ, ಬೇಡ ಎಂದು ಬರೆದುಕೊಟ್ಟವನನ್ನು ಬಿಟ್ಟುಬಿಡಿ. ನಮ್ಮ 16ನೇ ಕಲಮಿನ ಮೂಲ ಇರುವುದು ಇಲ್ಲಿ. ಒಂದು ವ್ಯತ್ಯಾಸವಿದೆ. ಅಲ್ಲಿ ಸುಮ್ಮನಿದ್ದವನಿಂದ ಹಣ ಹೋಗುತ್ತಿತ್ತು, ಇಲ್ಲಿ ಕಾಯ್ದೆಯ ಪ್ರಕಾರ ಸುಮ್ಮನಿದ್ದವನಿಂದ ಹಣ ಹೋಗಬಾರದು. ಬ್ರಿಟನ್ ಆ ಕಡೆಯಿಂದ ಈ ಕಡೆಗೆ 1927ರಲ್ಲಿ, ಮತ್ತೆ 1946ರಲ್ಲಿ, ಮತ್ತೆ 2016ರಲ್ಲಿ ಹೊರಳಾಡಿತು. ಆಳುವ ಪಕ್ಷ ಬದಲಾದ ಹಾಗೆಲ್ಲ ಈ ನಿಯಮ ಬದಲಾಗುವುದನ್ನು ನೋಡಿದರೆ ಯೂನಿಯನ್ ವಂತಿಗೆಯ ಪೆಟ್ಟಿಗೆಯ ಮೇಲೆ ಎಷ್ಟು ಜನರ ಕಣ್ಣಿದೆ ಎಂದು ತಿಳಿಯುತ್ತದೆ.

ಇನ್ನು ನಿಮ್ಮ ತಾಯಿಯವರ ಮಾತು. ಅದನ್ನು ತಪ್ಪು ತಿಳುವಳಿಕೆ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಅವರು ಹೇಳುವುದು ಒಂದು ಕಾಲಕ್ಕೆ ಅಕ್ಷರಶಃ ನಿಜವಾಗಿತ್ತು.

ಕೇರಳದಲ್ಲಿ ಯೂನಿಯನ್ ಅಣ್ಣ, ಪಾರ್ಟಿ ತಮ್ಮ. ಆಲಪ್ಪುಳದ ತೆಂಗಿನ ನಾರಿನ ಕಾರ್ಖಾನೆಗಳಲ್ಲಿ ತಿರುವಿದಾಂಕೂರು ಕಾರ್ಮಿಕ ಸಂಘ ಹುಟ್ಟಿದ್ದು 1922ರಲ್ಲಿ. ಕಮ್ಯುನಿಸ್ಟ್ ಪಾರ್ಟಿಯ ಕೇರಳ ಘಟಕ ಗುಟ್ಟಾಗಿ ಸಭೆ ಸೇರಿ ರೂಪುಗೊಂಡದ್ದು 1939ರ ಕೊನೆಗೆ, ಕಣ್ಣೂರಿನ ಪಿಣರಾಯಿಯಲ್ಲಿ. ಅಷ್ಟರಲ್ಲಿ ಕಣ್ಣೂರಿನ ಬೀಡಿ ಕಾರ್ಮಿಕರೂ ಕೋಯಿಕ್ಕೋಡಿನ ಹಂಚಿನ ಮತ್ತು ಬಟ್ಟೆ ಕಾರ್ಖಾನೆಯವರೂ ಸಂಘ ಕಟ್ಟಿಕೊಂಡು ಮುಷ್ಕರ ಮಾಡಿ ಆಗಿತ್ತು. ಪಾರ್ಟಿಗೆ ಆಳು ಬಂದದ್ದು, ಅಡಗಲು ಮನೆ ಸಿಕ್ಕಿದ್ದು, ಊಟ ಸಿಕ್ಕಿದ್ದು ಇವರಿಂದ.

ಬೀಡಿ ಶೆಡ್ಡಿನ ಓದಿನ ವಿಷಯ ನಿಮ್ಮ ತಾಯಿಯವರ ಹಿರಿಯರು ಕೇಳಿರಬಹುದು. ಉದ್ದನೆಯ ಶೆಡ್ಡು, ಸಾಲಾಗಿ ಕುಳಿತ ಜನ, ಪ್ರತಿಯೊಬ್ಬರ ಮಡಿಲಲ್ಲೂ ಎಲೆ ಮತ್ತು ಹೊಗೆಸೊಪ್ಪಿನ ಮೊರ. ಬೀಡಿ ಕಟ್ಟುವ ಕೆಲಸಕ್ಕೆ ಕೈ ಬೇಕು, ಕಣ್ಣು ಬೇಕು, ಕಿವಿ ಬೇಡ. ಆ ಬಿಡುವಾಗಿರುವ ಕಿವಿಗೆಂದು ಒಬ್ಬನನ್ನು ನಡುವೆ ಕೂರಿಸಿ ಪತ್ರಿಕೆ ಓದಿಸುತ್ತಿದ್ದರು. ಅವನು ಓದುವ ಹೊತ್ತಿನಲ್ಲಿ ಕಟ್ಟಬೇಕಾಗಿದ್ದ ಬೀಡಿಯನ್ನು ಉಳಿದವರು ತಮ್ಮ ತಮ್ಮ ಪಾಲಿನಿಂದ ತುಂಬಿಕೊಡುತ್ತಿದ್ದರು. ಮಾಲೀಕನ ಒಂದು ಕಾಸೂ ಅದರಲ್ಲಿ ಇರಲಿಲ್ಲ. ಓದಿನ ನಡುವೆ ವಾದ ಏಳುತ್ತಿತ್ತು, ಯುದ್ಧದ ಸುದ್ದಿ ಬರುತ್ತಿತ್ತು, ಕೂಲಿಯ ಮಾತು ಬರುತ್ತಿತ್ತು. ಪಾರ್ಟಿಯ ನಿಲುವು ಏನಾಗಿರಬೇಕು ಎಂಬುದರಲ್ಲಿ ಒಂದಿಷ್ಟು ಅಲ್ಲಿಯೇ ತೀರ್ಮಾನವಾಗುತ್ತಿತ್ತು. ಲೆನಿನ್ ಯೂನಿಯನ್‌ಗಳನ್ನು ಯಂತ್ರದ ಚಕ್ರಗಳ ನಡುವಿನ ಬೆಲ್ಟಿಗೆ ಹೋಲಿಸಿದ್ದರು: ಪಾರ್ಟಿಯಿಂದ ಜನರಿಗೆ ಶಕ್ತಿ ದಾಟಿಸುವ ಬೆಲ್ಟು. ಅಕ್ಕಿ ಗಿರಣಿಯಲ್ಲಿ ನೋಡಿದವರಿಗೆ ಗೊತ್ತು, ಯಾವ ಚಕ್ರಕ್ಕೆ ಎಂಜಿನ್ ಇದೆಯೋ ಅದು ತಿರುಗಿಸುತ್ತದೆ, ಇನ್ನೊಂದು ತಿರುಗುತ್ತದೆ. ಬೀಡಿ ಶೆಡ್ಡಿನ ಕಾಲದಲ್ಲಿ ಎಂಜಿನ್ ಶೆಡ್ಡಿನಲ್ಲಿತ್ತು. ಆಮೇಲೆ ಅದು ಪಾರ್ಟಿ ಕಚೇರಿಗೆ ಸ್ಥಳಾಂತರವಾಯಿತು. ಹಿಂದೆಯೂ ಹೀಗೆಯೇ ಇತ್ತೇ ಎಂದು ಕೇಳಿದಿರಲ್ಲ, ನನ್ನ ಲೆಕ್ಕದಲ್ಲಿ ಬದಲಾದದ್ದು ಇದೇ. ಬೆಲ್ಟು ಅದೇ ಇದೆ, ತಿರುಗಿಸುವ ಚಕ್ರ ಬೇರೆಯಾಗಿದೆ.

ಹೀಗಾದದ್ದು ಒಂದು ದಿನದಲ್ಲಿ ಅಲ್ಲ. ದೇಶದ ಯೂನಿಯನ್‌ಗಳ ಒಕ್ಕೂಟವಾಗಿ ಎಐಟಿಯುಸಿ 1920ರಲ್ಲಿ ಮುಂಬಯಿಯಲ್ಲಿ ಹುಟ್ಟಿದಾಗ ಅಧ್ಯಕ್ಷರಾಗಿದ್ದವರು ಲಾಲಾ ಲಜಪತ ರಾಯ್, ಅದು ಎಲ್ಲರ ಮನೆಯಾಗಿತ್ತು. ಸ್ವಾತಂತ್ರ್ಯಕ್ಕೆ ಮೂರು ತಿಂಗಳಿರುವಾಗ, 1947ರ ಮೇ ತಿಂಗಳಲ್ಲಿ, ಕಾಂಗ್ರೆಸ್ಸಿನವರು ಐಎನ್‌ಟಿಯುಸಿ ಕಟ್ಟಿದರು. 1955ರಲ್ಲಿ ಆರ್‌ಎಸ್‌ಎಸ್‌ನ ದತ್ತೋಪಂತ ಠೇಂಗಡಿ ಭೋಪಾಲದಲ್ಲಿ ಬಿಎಂಎಸ್ ಸ್ಥಾಪಿಸಿದರು. 1964ರಲ್ಲಿ ಕಮ್ಯುನಿಸ್ಟ್ ಪಾರ್ಟಿ ಸಿಪಿಐ, ಸಿಪಿಎಂ ಎಂದು ಒಡೆಯಿತು. ಇಲ್ಲೊಂದು ವಿಷಯ ಗಮನಿಸಬೇಕು: ಪಾರ್ಟಿ ಒಡೆದ ಕೂಡಲೇ ಯೂನಿಯನ್ ಒಡೆಯಲಿಲ್ಲ. ಆರು ವರ್ಷ ಎರಡೂ ಪಾರ್ಟಿಯವರು ಒಂದೇ ಎಐಟಿಯುಸಿಯಲ್ಲಿ ಜಗಳವಾಡಿಕೊಂಡಾದರೂ ಕೂಡಿಯೇ ಇದ್ದರು. 1970ರಲ್ಲಿ ಕಲ್ಕತ್ತೆಯಲ್ಲಿ ಸಿಪಿಎಂ ಕಡೆಯ ಸಿಐಟಿಯು ಹುಟ್ಟಿತು, ಬಿ. ಟಿ. ರಣದಿವೆ ಅಧ್ಯಕ್ಷರಾದರು. ಆ ಆರು ವರ್ಷ ಯೂನಿಯನ್ನಿಗೆ ತನ್ನದೇ ಎಂಬ ಜೀವವಿತ್ತು ಎಂದು ನನಗೆ ಅನಿಸುತ್ತದೆ. ಅಲ್ಲಿಂದ ಮುಂದೆ ಪಾರ್ಟಿ ಒಡೆದಾಗ ಯೂನಿಯನ್ ಒಡೆಯುವುದು, ಹೊಸ ಪಾರ್ಟಿ ಹುಟ್ಟಿದಾಗ ಹೊಸ ಯೂನಿಯನ್ ಹುಟ್ಟುವುದು ವಾಡಿಕೆಯಾಯಿತು. ಕಾಸರಗೋಡಿನ ಬಸ್ ನಿಲ್ದಾಣದಲ್ಲಿ ಸಿಐಟಿಯು, ಐಎನ್‌ಟಿಯುಸಿ, ಬಿಎಂಎಸ್, ಮುಸ್ಲಿಂ ಲೀಗಿನ ಎಸ್‌ಟಿಯು ಎಂದು ಧ್ವಜಗಳು ಸಾಲಾಗಿ ನಿಂತಿರುವುದನ್ನು ನೀವು ದಿನವೂ ನೋಡುತ್ತೀರಿ. ಕೆಲಸ ಒಂದೇ, ಬಾಟಾ (ದಿನಭತ್ಯೆ) ಒಂದೇ, ಧ್ವಜ ನಾಲ್ಕು.

ಪಾರ್ಟಿ ಮತ್ತು ಯೂನಿಯನ್ ಕೈಜೋಡಿಸಿದ್ದರಿಂದ ಕಾರ್ಮಿಕರಿಗೆ ದೊಡ್ಡ ಉಪಕಾರವಾದದ್ದನ್ನೂ ಹೇಳದಿದ್ದರೆ ನಾನು ಅನ್ಯಾಯ ಮಾಡಿದಂತಾಗುತ್ತದೆ. ಬೀಡಿ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ 1966ರಲ್ಲಿ ಕಾಯ್ದೆ ತಂದಿತ್ತು. ಅದನ್ನು ಕಮ್ಯುನಿಸ್ಟ್ ಮುಖ್ಯಮಂತ್ರಿ ಇಎಂಎಸ್ ಅವರ ಸರ್ಕಾರ ಕೇರಳದಲ್ಲಿ ಜಾರಿಗೆ ತರಲು ಹೊರಟಾಗ ಮಂಗಳೂರಿನ ದೊಡ್ಡ ಬೀಡಿ ಮಾಲೀಕರು ಕಣ್ಣೂರು ಕಡೆಯ ಶೆಡ್ಡುಗಳನ್ನು ಮುಚ್ಚಿದರು. ಸುಮಾರು 12,000 ಜನ ಬೀದಿಗೆ ಬಿದ್ದರು. 1969ರಲ್ಲಿ ಆ ಕಾರ್ಮಿಕರದೇ ಸಹಕಾರ ಸಂಘವಾಗಿ ದಿನೇಶ್ ಬೀಡಿ ಹುಟ್ಟಿತು. ಸರ್ಕಾರ ಷೇರಿಗೆ ಸಾಲ ಕೊಟ್ಟಿತು, ಯೂನಿಯನ್‌ಗಳು ಜನರನ್ನು ಹಿಡಿದಿಟ್ಟವು. ಏಳಿಗೆಯ ಕಾಲದಲ್ಲಿ 40,000ಕ್ಕೂ ಹೆಚ್ಚು ಜನ ಅಲ್ಲಿ ದುಡಿದರು. ಕನಿಷ್ಠ ಕೂಲಿ, ಬೋನಸ್, ಪಿಂಚಣಿ ಎಲ್ಲವೂ ಇತ್ತು. ಪಾರ್ಟಿಯ ಸರ್ಕಾರ ಇಲ್ಲದೆ ಅದು ಆಗುತ್ತಿರಲಿಲ್ಲ, ಯೂನಿಯನ್ ಇಲ್ಲದೆಯೂ ಆಗುತ್ತಿರಲಿಲ್ಲ. ಆದರೆ ಅದೇ ವರ್ಷಗಳಲ್ಲಿ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಹೆಂಗಸರು ಮನೆ ಜಗಲಿಯಲ್ಲಿ ಕುಳಿತು ಬ್ರಾಂಚಿನವನು ಕೊಟ್ಟ ಎಲೆಯನ್ನು ಕತ್ತರಿಸಿ ಬೀಡಿ ಕಟ್ಟುತ್ತಿದ್ದರು. ಶೆಡ್ಡು ಇಲ್ಲ, ಓದುವವನಿಲ್ಲ, ಪಕ್ಕದಲ್ಲಿ ವಾದ ಮಾಡುವವರಿಲ್ಲ. ಕಟ್ಟು ಸರಿಯಿಲ್ಲ ಎಂದು ಬ್ರಾಂಚಿನಲ್ಲಿ ಎತ್ತಿಟ್ಟರೆ ಆ ಬೀಡಿಯ ಕೂಲಿಯೂ ಇಲ್ಲ. ಇವರ ಪಾಲಿಗೆ ಯೂನಿಯನ್ ಎಂದರೆ ತಿಂಗಳಿಗೊಮ್ಮೆ ರಸೀದಿ ಪುಸ್ತಕ ಹಿಡಿದು ಬರುವ ಒಬ್ಬ ಮನುಷ್ಯ. ಅವನೇ ಪಾರ್ಟಿಯ ಮನುಷ್ಯ. ನಿಮ್ಮ ತಾಯಿಯವರು ಎರಡೂ ಒಂದೇ ಎನ್ನುವುದು ಇಲ್ಲಿಂದ ಬಂದಿರಬಹುದು.

ಈಗ ನಿಮ್ಮ ಕಷ್ಟದ ಪ್ರಶ್ನೆ, ಸರ್ಕಾರ ಬಂದಾಗ ಯೂನಿಯನ್ ತಣ್ಣಗಾಗುವುದು.

ಪಾರ್ಟಿ ಅಧಿಕಾರಕ್ಕೆ ಬಂದರೆ ಅದು ಮಾಲೀಕನೂ ಆಗುತ್ತದೆ. ಬಸ್ಸು ಅದರದು, ಆಸ್ಪತ್ರೆ ಅದರದು, ಸಂಬಳ ಕೊಡಬೇಕಾದ ಖಜಾನೆ ಅದರದು. ಯೂನಿಯನ್ನಿನ ನಾಯಕ ಪಾರ್ಟಿಯ ಸಮಿತಿಯಲ್ಲೂ ಇರುತ್ತಾನೆ. ಬೆಳಿಗ್ಗೆ ಸಮಿತಿಯಲ್ಲಿ ಸರ್ಕಾರದ ಬಡತನ ಕೇಳಿ ಒಪ್ಪಿಕೊಂಡವನು ಮಧ್ಯಾಹ್ನ ಗೇಟಿನ ಮುಂದೆ ಹೇಗೆ ಕೂಗುತ್ತಾನೆ? ಇದು ವ್ಯಕ್ತಿಯ ದೋಷಕ್ಕಿಂತ ಕುರ್ಚಿಯ ತೊಡಕು. ಆದರೂ ಎಲ್ಲ ಯೂನಿಯನ್‌ಗಳೂ ಎಲ್ಲ ಕಾಲಕ್ಕೂ ಬಾಯಿ ಮುಚ್ಚಿಕೊಂಡವು ಎಂದು ಹೇಳುವಂತಿಲ್ಲ. 2022ರಲ್ಲಿ ಕೇರಳದ ಸರ್ಕಾರಿ ಬಸ್ ನೌಕರರಿಗೆ ಸಂಬಳ ತಡವಾದಾಗ ಸಿಐಟಿಯು ಯೂನಿಯನ್ನೂ ತಮ್ಮ ರಂಗದ ಸರ್ಕಾರದ ಎದುರು ಧರಣಿ ಕುಳಿತಿತು. ಅಲ್ಲಿ ಹೀಗಾಗಲು ಒಂದು ಕಾರಣವಿದೆ. ಕೇರಳದ ಆ ಸರ್ಕಾರಿ ಬಸ್ ಸಂಸ್ಥೆ ಕೆಎಸ್‌ಆರ್‌ಟಿಸಿಯಲ್ಲಿ ಯಾವ ಯೂನಿಯನ್ನಿಗೆ ಮಾನ್ಯತೆ ಎಂಬುದನ್ನು ನೌಕರರು ಗುಪ್ತ ಮತದಾನದಿಂದ ತೀರ್ಮಾನಿಸುತ್ತಾರೆ. 2020ರ ಕೊನೆಗೆ ನಡೆದ ಮತದಾನದಲ್ಲಿ ಸಿಐಟಿಯು ಮತ್ತು ಕಾಂಗ್ರೆಸ್ ಕಡೆಯ ಯೂನಿಯನ್‌ಗಳ ಜೊತೆಗೆ ಬಿಎಂಎಸ್‌ನದೂ ಮಾನ್ಯತೆ ಪಡೆಯಿತು. ಮತಪೆಟ್ಟಿಗೆ ಎದುರಿಗಿದ್ದರೆ ನಾಯಕ ಮೇಲೆ ನೋಡುವುದಕ್ಕಿಂತ ಕೆಳಗೆ ನೋಡುತ್ತಾನೆ.

ಇದಕ್ಕೆ ಎದುರಾದ ಚಿತ್ರ ಆಶಾ ಕಾರ್ಯಕರ್ತೆಯರದು. 2025ರ ಫೆಬ್ರವರಿ 10ರಂದು ಅವರು ತಿರುವನಂತಪುರದ ಸಚಿವಾಲಯದ ಮುಂದೆ ಕುಳಿತರು. ಅಂದು ಅವರಿಗೆ ಸಿಗುತ್ತಿದ್ದ ಗೌರವಧನ ತಿಂಗಳಿಗೆ 7,000 ರೂಪಾಯಿ, ಕೇಳಿದ್ದು 21,000. ಮುಷ್ಕರ ಕರೆದದ್ದು ಬೇರೆ ಸಂಘಟನೆ. ಸಿಐಟಿಯು ನಾಯಕರು ಅದನ್ನು ವಿರೋಧಿಸಿದರು, ಹಿಂದಿರುವವರು ಯಾರು ಎಂದು ಕೇಳಿದರು. ಆ ಹೆಂಗಸರು ಮಳೆಯಲ್ಲಿ ಕುಳಿತರು, ತಲೆಗೂದಲು ಕತ್ತರಿಸಿಕೊಂಡು ಪ್ರತಿಭಟಿಸಿದರು. ಅಕ್ಟೋಬರ್ ಕೊನೆಗೆ ಸರ್ಕಾರ 1,000 ರೂಪಾಯಿ ಹೆಚ್ಚಿಸಿದ ಮೇಲೆ ನವೆಂಬರ್ 1ರಂದು ಹಗಲು-ರಾತ್ರಿಯ ಧರಣಿ ಮುಗಿಸಿದರು. ಸಂಘಟನೆ ಯಾರದಾದರೇನು, 7,000ಕ್ಕೆ ಮನೆ ಮನೆ ತಿರುಗುವ ಹೆಂಗಸಿನ ಪರವಾಗಿ ಮೊದಲ ಮಾತು ಬರಬೇಕಾಗಿದ್ದುದು ರಾಜ್ಯದ ಅತಿ ದೊಡ್ಡ ಯೂನಿಯನ್ನಿನ ಬಾಯಿಂದ. ಬರಲಿಲ್ಲ. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ, ಏಕೆಂದರೆ ಆ ಯೂನಿಯನ್ ಕಟ್ಟಿದ ಹಿರಿಯರ ಸಭೆಗಳಲ್ಲಿ ಕುಳಿತೇ ನಾನು ಈ ಕೆಲಸ ಕಲಿತದ್ದು.

ಬೇರೆ ಪಾರ್ಟಿಗಳಲ್ಲೂ ಈ ಎಳೆದಾಟ ಇದೆ. 2022ರ ಮಾರ್ಚ್ 28 ಮತ್ತು 29ರ ದೇಶವ್ಯಾಪಿ ಮುಷ್ಕರದ ನಂತರ ಕೇರಳದಲ್ಲಿ ಆಗ ವಿರೋಧಪಕ್ಷದ ನಾಯಕರಾಗಿದ್ದ ಕಾಂಗ್ರೆಸ್ಸಿನ ವಿ. ಡಿ. ಸತೀಶನ್ ಅವರು ಐಎನ್‌ಟಿಯುಸಿ ಕಾಂಗ್ರೆಸ್ಸಿನ ಪೋಷಕ ಸಂಘಟನೆಯಲ್ಲ, ಅದು ಸ್ವತಂತ್ರ ಸಂಘಟನೆ ಎಂದರು. ಸ್ವತಂತ್ರ ಎಂದರೆ ಯೂನಿಯನ್ನಿನವರು ಸಂತೋಷಪಡಬೇಕಾಗಿತ್ತು. ಅವರು ಅದಕ್ಕೆ ಸಿಟ್ಟಾಗಿ ಮೆರವಣಿಗೆ ತೆಗೆದರು! ಇಷ್ಟು ವರ್ಷ ಪಾರ್ಟಿಗಾಗಿ ಧ್ವಜ ಕಟ್ಟಿದವರನ್ನು ಹೊರಗಿನವರು ಎಂದಂತೆ ಕೇಳಿಸಿತು. ಬಿಎಂಎಸ್ ತಾನು ಯಾವ ಪಕ್ಷದ ಅಂಗವೂ ಅಲ್ಲ ಎನ್ನುತ್ತದೆ. 2012 ಮತ್ತು 2013ರ ದೇಶವ್ಯಾಪಿ ಮುಷ್ಕರಗಳಲ್ಲಿ ಉಳಿದವರ ಜೊತೆ ಸೇರಿಕೊಂಡಿತ್ತು, ಬಿಜೆಪಿ ಅಧಿಕಾರಕ್ಕೆ ಬಂದ ಮೇಲೆ 2015ರ ಸೆಪ್ಟೆಂಬರ್ ಮುಷ್ಕರದಿಂದ ಹಿಂದೆ ಸರಿಯಿತು. ಪಶ್ಚಿಮ ಬಂಗಾಳದಲ್ಲಿ 2008ರಲ್ಲಿ ಬುದ್ಧದೇವ ಭಟ್ಟಾಚಾರ್ಯ ಅವರು ಮುಖ್ಯಮಂತ್ರಿಯಾಗಿ ಉದ್ಯಮಿಗಳ ಸಭೆಯಲ್ಲಿ ತಮಗೆ ವೈಯಕ್ತಿಕವಾಗಿ ಬಂದ್ ಒಪ್ಪಿಗೆಯಿಲ್ಲ ಎಂದಾಗ ಅವರದೇ ಪಾರ್ಟಿ ಮತ್ತು ಯೂನಿಯನ್ ಅವರನ್ನು ತಿದ್ದಬೇಕಾಯಿತು. ಕೇರಳದ ಸಿಪಿಎಂ ಒಳಗೇ 1998ರ ಪಾಲಕ್ಕಾಡ್ ಸಮ್ಮೇಳನದಲ್ಲಿ ಸಿಐಟಿಯು ಬಣ ಎಂದು ಕರೆಸಿಕೊಂಡ ಹಿರಿಯ ನಾಯಕರನ್ನು ರಾಜ್ಯ ಸಮಿತಿಯಿಂದ ಸೋಲಿಸಿ ಹೊರಹಾಕಲಾಯಿತು. ಬಲ ಯಾರ ಕೈಯಲ್ಲಿ ಇರಬೇಕು ಎಂಬ ಜಗಳ ಪಾರ್ಟಿಯ ಹೊರಗೂ ಇದೆ, ಒಳಗೂ ಇದೆ.

ಸಿಟ್ಟು ಬಂದಾಗ ಪಾರ್ಟಿಯನ್ನು ಬಿಟ್ಟು ಹೊರಬಂದ ಯೂನಿಯನ್ ಕೂಡ ಇದೆ. ಬ್ರಿಟನ್ನಿನ ಅಗ್ನಿಶಾಮಕ ಸಿಬ್ಬಂದಿಯ ಯೂನಿಯನ್ 2002-03ರಲ್ಲಿ ಸಂಬಳಕ್ಕಾಗಿ ಲೇಬರ್ ಸರ್ಕಾರದ ವಿರುದ್ಧವೇ ಮುಷ್ಕರ ಹೂಡಿ, 2004ರಲ್ಲಿ ಸಂಬಂಧ ಕಡಿದುಕೊಂಡು, 2015ರಲ್ಲಿ ಮತ್ತೆ ಕೂಡಿಕೊಂಡಿತು. ಹೋದದ್ದೂ ಬಂದದ್ದೂ ಸದಸ್ಯರ ಪ್ರತಿನಿಧಿಗಳ ಸಭೆಯಲ್ಲಿ ಮತಕ್ಕೆ ಹಾಕಿ. ಆ ಪಕ್ಷದ ಸಮ್ಮೇಳನದಲ್ಲಿ ಹಿಂದೆ ಹತ್ತರಲ್ಲಿ ಒಂಬತ್ತು ಮತ ಯೂನಿಯನ್‌ಗಳದಾಗಿತ್ತು, 1990ರ ದಶಕದಲ್ಲಿ ಅದನ್ನು ಅರ್ಧಕ್ಕೆ ಇಳಿಸಿದರು. ಕೂಡಿರಲಿ, ಬಿಡಲಿ, ಲೆಕ್ಕ ಮಾತ್ರ ಎಲ್ಲರ ಕಣ್ಣಿಗೆ ಕಾಣುವಂತೆ ನಡೆಯಿತು. ನಮ್ಮಲ್ಲಿ ಕಾಗದದ ಮೇಲೆ ಯೂನಿಯನ್ ಸ್ವತಂತ್ರ, ನಡೆಯುವುದು ಬೇರೆ. ಕಾಗದದ ಮೇಲೆ ಸಂಬಂಧವೇ ಇಲ್ಲದಿದ್ದರೆ ಆ ಸಂಬಂಧದ ಬಗ್ಗೆ ಮತ ಹಾಕಲು ಸದಸ್ಯನಿಗೆ ದಾರಿಯೂ ಇಲ್ಲ.

ಹಾಗಾದರೆ ನೀವು ಏನು ಮಾಡಬೇಕು? ಯೂನಿಯನ್ ಸೇರಿ. ಈ ಉತ್ತರವನ್ನು ಓದಿ ಹೊರಗೇ ಉಳಿದುಬಿಟ್ಟರೆ ನಾನು ಬರೆದದ್ದು ವ್ಯರ್ಥ. ನಿಮ್ಮ ದಿನದ ಕೆಲಸ ಎಂಟು ಗಂಟೆ ಎಂದು ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ಗೊತ್ತುಮಾಡಿತ್ತು. ಬೆಳಿಗ್ಗೆ ಆರಕ್ಕೆ ಹತ್ತಿದ ಕಂಡಕ್ಟರ್ ರಾತ್ರಿ ಎಂಟಕ್ಕೆ ಇಳಿಯುವುದನ್ನು ನಾನು ಕಾಣುತ್ತಿದ್ದೇನೆ. ಇದನ್ನು ಒಬ್ಬನೇ ಮಾಲೀಕನ ಮುಂದೆ ಹೇಳಲು ಆಗದು. ಒಂದೊಂದೇ ಬಸ್ಸಿನ ಮಾಲೀಕರಿರುವ ನಮ್ಮ ಕಡೆ ಕೂಲಿಯ ಮಾತುಕತೆ ನಡೆಯುವುದು ಜಿಲ್ಲೆಯ ಮಟ್ಟದಲ್ಲಿ, ಬಸ್ ಮಾಲೀಕರ ಸಂಘ, ಯೂನಿಯನ್‌ಗಳು ಮತ್ತು ಕಾರ್ಮಿಕ ಅಧಿಕಾರಿಯ ನಡುವೆ. ಅಲ್ಲಿ ಕುರ್ಚಿ ಇರುವುದು ಯೂನಿಯನ್ನಿಗೆ ಮಾತ್ರ. ಹೊಸ ಸಂಹಿತೆ ಶೇಕಡ 51 ಕಾರ್ಮಿಕರ ಬೆಂಬಲವಿರುವ ಯೂನಿಯನ್ನಿಗೇ ಮಾತುಕತೆಯ ಏಕೈಕ ಹಕ್ಕು ಎನ್ನುತ್ತದೆ. ನಾಲ್ಕು ಧ್ವಜದವರು ನಾಲ್ಕು ಕಡೆ ಎಳೆದರೆ ಆ 51 ಯಾರಿಗೂ ಸಿಗುವುದಿಲ್ಲ ಎಂಬುದನ್ನು ನಿಮ್ಮ ಸ್ಟ್ಯಾಂಡಿನ ಹಿರಿಯರ ಜೊತೆ ಮಾತನಾಡಿ.

ಕೇರಳ ಮೋಟಾರು ಕಾರ್ಮಿಕರ ಕ್ಷೇಮನಿಧಿಯಲ್ಲಿ ನಿಮ್ಮ ಹೆಸರು ಸೇರಿದೆಯೇ, ಮಾಲೀಕರ ಪಾಲು ಜಮೆಯಾಗುತ್ತಿದೆಯೇ ಎಂದು ಮೊದಲ ವಾರದಲ್ಲಿಯೇ ಯೂನಿಯನ್ ಮೂಲಕ ವಿಚಾರಿಸಿ. ಯಾವ ಯೂನಿಯನ್ ಒಳ್ಳೆಯದು ಎಂಬುದಕ್ಕೆ ಈ ಒಂದು ಕೆಲಸವನ್ನು ಅವರು ಎಷ್ಟು ಬೇಗ ಮಾಡಿಸಿಕೊಡುತ್ತಾರೆ ಎಂದು ನೋಡಿದರೆ ಸಾಕು, ಧ್ವಜದ ಬಣ್ಣ ನೋಡಬೇಕಾಗಿಲ್ಲ.

ವಂತಿಗೆ ಕೊಡುವಾಗ ಯೂನಿಯನ್ನಿನ ರಸೀದಿ ಕೇಳಿ ತೆಗೆದುಕೊಳ್ಳಿ, ಅದರ ಮೇಲೆ ನೋಂದಣಿ ಸಂಖ್ಯೆ ಇದೆಯೇ ನೋಡಿ. ಎರಡನೆಯ ಪುಸ್ತಕ ತೆರೆದರೆ "ಇದು ಪಾರ್ಟಿಯದ್ದಲ್ಲವೇ, ನನ್ನದು ಯೂನಿಯನ್ ಮಾತ್ರ" ಎಂದು ನಗುಮುಖದಲ್ಲಿಯೇ ಹೇಳಿ. ಜಗಳ ಬೇಡ. ಕೇಳಿದವರು ನಿಮ್ಮ ಊರಿನವರೇ, ನಾಳೆ ನಿಮಗೆ ಅಪಘಾತವಾದರೆ ಆಸ್ಪತ್ರೆಗೆ ಓಡಿ ಬರುವವರೂ ಅವರೇ. ಹಣ ಕೊಡಲಿಲ್ಲ ಎಂದು ಸದಸ್ಯತ್ವ ನಿರಾಕರಿಸಿದರೆ ಆ ಮಾತನ್ನು ಬರೆದುಕೊಡಲು ಕೇಳಿ. ಬರೆದುಕೊಡುವವರನ್ನು ನಾನು ಇದುವರೆಗೆ ಕಂಡಿಲ್ಲ, ಕೇಳಿದ ಕೂಡಲೇ ಸದಸ್ಯತ್ವ ಸಿಗುತ್ತದೆ. ವರ್ಷಕ್ಕೊಮ್ಮೆ ಸಾಮಾನ್ಯ ಸಭೆಗೆ ತಪ್ಪದೆ ಹೋಗಿ, ಲೆಕ್ಕ ಓದುವಾಗ ಎದ್ದು ನಿಂತು ಪ್ರಶ್ನೆ ಕೇಳಿ. ಸದಸ್ಯರು ಲೆಕ್ಕಪುಸ್ತಕ ನೋಡಲು ಯೂನಿಯನ್ನಿನ ನಿಯಮಾವಳಿಯಲ್ಲಿ ಅವಕಾಶ ಇರಲೇಬೇಕು.

ಇನ್ನೊಂದನ್ನು ನನ್ನ ಕಡೆಯಿಂದ ಕೇಳಿ ನೋಡಿ: ನೋಟೀಸು ಮತ್ತು ರಸೀದಿ ಕನ್ನಡದಲ್ಲಿಯೂ ಇರಲಿ. ಸರ್ಕಾರಿ ಕಚೇರಿಯಲ್ಲಿ ಕನ್ನಡಕ್ಕಾಗಿ ನಾವು ಗಡಿನಾಡಿನವರು ಹೋರಾಡುತ್ತಾ ಬಂದಿದ್ದೇವೆ, ನಮ್ಮದೇ ವಂತಿಗೆಯಿಂದ ನಡೆಯುವ ಯೂನಿಯನ್ನಿನಲ್ಲಿ ಅದನ್ನು ಕೇಳುವುದನ್ನು ಮರೆತುಬಿಟ್ಟಿದ್ದೇವೆ. ನಿಮ್ಮ ತಾಯಿಯವರ ಬಳಿ ಹಳೆಯ ರಸೀದಿಗಳಿದ್ದರೆ ಎಸೆಯಬೇಡಿ. ಒಂದು ದಿನ ಕುಳಿತು ಎರಡು ಗುಂಪು ಮಾಡಿ, ಯಾವುದು ಯಾವುದೆಂದು ಅವರಿಗೆ ಓದಿ ಹೇಳಿ. ಬ್ರಾಂಚಿನ ಪುಸ್ತಕವನ್ನು ಬೇರೆಯಾಗಿ ಎತ್ತಿಡಿ, ಭವಿಷ್ಯನಿಧಿ ಮತ್ತು ಪಿಂಚಣಿಯ ಅರ್ಜಿಗೆ ಬೇಕಾಗುವುದು ಅದು.